ನಾದಿನಿಯ ಕಲೆಗೆ ನಾನು ಹಾಕಿದ ಕಂಡೆನ್ಸರ್

ತಿರುಗುವ ವಸ್ತು ಯಾವುದೇ ಇರಲಿ, ಅದರ ಕಾಯಿಲೆಯನ್ನು ನಾನು ದೂರದಿಂದಲೇ ಹೇಳಬಲ್ಲೆ. ಗುಬ್ಬಿಯಲ್ಲಿ ಫ್ಯಾನು, ಮಿಕ್ಸಿ, ಮೋಟಾರು ಮಾರುತ್ತಲೇ ಸೈಕಲ್ಲಿನಿಂದ ಸ್ವಂತ ಅಂಗಡಿಗೆ ಏರಿದವನು ನಾನು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುತ್ತೇನೆ. ಕೇಳದವರಿಗೆ ತುಸು ಹೆಚ್ಚೇ. ಹೀಗಾಗಿ ನನ್ನ ನಾದಿನಿ ಸುಧಾ ತುಮಕೂರಿನ ಕಲಾಮೇಳದಲ್ಲಿ ತನ್ನ ಗ್ಯಾಲರಿಯ ಮಳಿಗೆ ಹಾಕಿದಾಗ, ಅವಳಿಗೆ ನನ್ನ ಸೇವೆ ಅತ್ಯಗತ್ಯ ಎಂದು ನಾನೇ ತೀರ್ಮಾನಿಸಿದೆ.

ಮಳಿಗೆಯ ತುಂಬ ಚೌಕ, ತ್ರಿಕೋನ, ವೃತ್ತ. ದೇವರಿಲ್ಲ, ಹಸುವಿಲ್ಲ, ಒಂದು ತೆಂಗಿನಮರವೂ ಇಲ್ಲ!

"ಇದೇನಮ್ಮಾ, ಕಾಂಪಾಸ್ ಬಾಕ್ಸ್ ಚೆಲ್ಲಿದಂಗಿದೆ?"

"ಭಾವ, ನೀವು ಸುಮ್ನೆ ಕೂತಿದ್ರೆ ಅದೇ ದೊಡ್ಡ ಉಪಕಾರ."

ನಗುತ್ತಲೇ ಅಂದಳು, ಆದರೆ ಮುಖ ಬಾಡಿತ್ತು. ಮೇಳದ ಕೊನೆಯ ದಿನ ಬಂದರೂ ಒಂದು ಕೃತಿಯೂ ಹೋಗಿರಲಿಲ್ಲ. ಇವತ್ತೂ ಹಾಗೇ ಆದರೆ ಗ್ಯಾಲರಿಗೆ ಬೀಗ ಹಾಕಿ, ಮತ್ತೆ ಮಕ್ಕಳಿಗೆ ಟ್ಯೂಷನ್ ಹೇಳಬೇಕು. ಉಳಿದಿದ್ದ ಆಸೆ ಗೋಡೆಯ ಮೇಲಿನ ದೊಡ್ಡ ಕೃತಿಯೊಂದೇ: ಒಂದರ ಮುಂದೊಂದು ಬಣ್ಣದ ತಟ್ಟೆಗಳು, ಅಂಚಿನಲ್ಲಿ ಓರೆಯಾಗಿ ಕೂರಿಸಿದ ತಗಡಿನ ತ್ರಿಕೋನಗಳು. ಸ್ವಿಚ್ ಹಾಕಿದರೆ ಎಲ್ಲವೂ ಆಮೆಯ ಹಾಗೆ ತಿರುಗುತ್ತವೆ. ಕುಣಿಗಲ್ಲಿನ ಡಾಕ್ಟರಮ್ಮ ಒಬ್ಬರು ಅದನ್ನು ಫೋಟೋದಲ್ಲಿ ಮೆಚ್ಚಿ, ಕಣ್ಣಾರೆ ನೋಡಿ ಕೊಳ್ಳಲು ಬರುತ್ತಿದ್ದರು. ಅವರನ್ನು ಗೇಟಿನಿಂದ ಕರೆತರಲು ಹೊರಟ ಸುಧಾ, ನನ್ನ ಹೆಂಡತಿ ಪುಷ್ಪಾಳಿಗೆ, "ಅಕ್ಕಾ, ಭಾವನ ಮೇಲೆ ಒಂದು ಕಣ್ಣಿಟ್ಟಿರು" ಎಂದಳು. ಮಳಿಗೆಯ ಮೇಲೆ ಅನ್ನುವ ಬದಲು ಬಾಯಿ ತಪ್ಪಿರಬೇಕು ಅಂದುಕೊಂಡೆ.

ನಾನು ಸ್ವಿಚ್ ಹಾಕಿ ನೋಡಿದೆ. ತಟ್ಟೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಪುಷ್ಪಾ ಒಂದು ಪೊಟ್ಟಣ ಚುರುಮುರಿ ಮುಗಿಸಿದಳು. ನನ್ನ ಕರುಳು ಚುರ್ ಎಂದಿತು.

"ಪಾಪ, ವೀಕಾಗಿದೆ ಕಣೇ."

"ರೀ, ಅದು ಹಂಗೇ ತಿರುಗೋದು. ಮುಟ್ಬೇಡಿ."

"ಫ್ಯಾನ್ ನಿಧಾನ ಆದ್ರೆ ಏನರ್ಥ? ಕಂಡೆನ್ಸರ್ ಹೋಗಿದೆ ಅಂತ. ಇಂಥ ಮಾಲು ತೋರ್ಸಿದ್ರೆ ಗಿರಾಕಿ ಓಡೋಗ್ತಾರೆ."

"ಓಡ್ಸೋಕೆ ನೀವಿದೀರಲ್ಲ!"

ಸ್ವಿಚ್ ಆರಿಸಿ ಕೃತಿಯ ಹಿಂಬದಿ ಬಿಚ್ಚಿದೆ. ನನ್ನ ಊಹೆ ಸುಳ್ಳಾಗಲಿಲ್ಲ. ಒಳಗಿದ್ದದ್ದು ಸೀಲಿಂಗ್ ಫ್ಯಾನಿನ ಮೋಟಾರು, ಅದಕ್ಕೆ ಕಡಲೆಬೀಜದಷ್ಟು ಕಂಡೆನ್ಸರ್! ಯಾವನೋ ಅರೆಬೆಂದ ಮೆಕ್ಯಾನಿಕ್ಕಿನ ಕೆಲಸ. ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಒಳ್ಳೆಯ ಮಾಲು ಸದಾ ಇರುತ್ತದೆ. ತಂದು ಜೋಡಿಸಿ, ಸಿದ್ಧಲಿಂಗೇಶ್ವರನನ್ನು ನೆನೆದು ಸ್ವಿಚ್ ಒತ್ತಿದೆ.

ಅಹಾ, ಏನು ಗಾಳಿ!

ಕೆಂಪು, ಹಳದಿ, ನೀಲಿ ಎಲ್ಲ ಕಲಸಿಕೊಂಡು ರಾಗಿಮುದ್ದೆಯ ಬಣ್ಣಕ್ಕೆ ಬಂದವು. ಸೆಕೆಯಲ್ಲಿ ಬೇಯುತ್ತಿದ್ದ ಜನ ನುಗ್ಗಿದರು. ಬೆಳಗಿನಿಂದ ನೊಣವೂ ಇಣುಕದ ಮಳಿಗೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ! ಹೆಬ್ಬೂರಿನ ಅಜ್ಜ ಒಬ್ಬರು ಅಂಗಿಯ ಗುಂಡಿ ಬಿಚ್ಚಿ ಕೃತಿಯ ಎದುರು ನಿಂತರು.

"ಸ್ವಾಮಿ, ಇದು ಯಾವ ಕಂಪ್ನೀದು? ನಮ್ಮ ಕೊಟ್ಟಿಗೆಗೊಂದು ಬೇಕಾಗಿತ್ತು. ಸೊಳ್ಳೆ ಕಾಟ."

"ಅಜ್ಜಾ, ಇದು ಕಲೆ."

"ಆಗ್ಲಿ ಬುಡಿ, ಗಾಳಿ ಚೆನ್ನಾಗದೆ."

ಕೊಟ್ಟಿಗೆಗೆ ಬೇರೆ ಮಾಡೆಲ್ ಇದೆ ಎಂದು ಅಂಗಡಿಯ ಕಾರ್ಡು ತೆಗೆದು ಕೊಡುತ್ತಿದ್ದೆ. ಆಗ ಮೊದಲ ತ್ರಿಕೋನ ಹಾರಿತು.

ಅದು ಪುಷ್ಪಾಳ ತಲೆಯ ಮೇಲಿಂದ ಸಾಗಿ ಎದುರು ಮಳಿಗೆಯ ಬುದ್ಧನ ತೊಡೆಯ ಮೇಲೆ ಕುಳಿತಿತು. ಜನ ಚಪ್ಪಾಳೆ ತಟ್ಟಿದರು. ಇದೂ ಪ್ರದರ್ಶನದ ಅಂಗ ಎಂದುಕೊಂಡರೇನೋ. ನಾನು ಸ್ವಿಚ್ ಆರಿಸುವಷ್ಟರಲ್ಲಿ ಮುಂದಿನ ತಟ್ಟೆ ಕಳಚಿ ಬಿದ್ದು ಬಿರುಕು ಬಿಟ್ಟು, ಉರುಳಿಕೊಂಡು ಹೋಗಿ ಒಬ್ಬ ಹೆಂಗಸಿನ ಕಾಲಬುಡದಲ್ಲಿ ಮಲಗಿತು. ತಲೆಯೆತ್ತಿ ನೋಡಿದೆ. ಡಾಕ್ಟರಮ್ಮ! ಪಕ್ಕದಲ್ಲಿ ಸುಧಾ.

ಸುಧಾ ಬಗ್ಗಿ ತಟ್ಟೆಯನ್ನೆತ್ತಿ ಬಿರುಕಿನ ಮೇಲೆ ಬೆರಳಾಡಿಸಿದಳು. ಬೈದಿದ್ದರೆ ವಾಸಿಯಿತ್ತು.

"ನನ್ನ ಕ್ಲಿನಿಕ್ಕಲ್ಲಿ ಕಾಯೋ ಪೇಷೆಂಟುಗಳು ಇದನ್ನ ನೋಡ್ತಾ ಸಮಾಧಾನವಾಗಿ ಕೂತಿರ್ಲಿ ಅಂತಿದ್ದೆ," ಎಂದರು ಡಾಕ್ಟರಮ್ಮ. "ಇದನ್ನ ನೋಡಿದ್ರೆ ಇಲ್ಲದ ಬಿ.ಪಿ. ಬರುತ್ತೆ."

"ರೆಗ್ಯುಲೇಟರ್ ಹಾಕ್ಕೊಡ್ತೀನಿ ಮೇಡಂ! ಗ್ಯಾರಂಟಿ!"

"ರೀ!" ಎಂದಳು ಪುಷ್ಪಾ. ಮದುವೆಯಾದಾಗಿನಿಂದ ಆಡದೆ ಉಳಿಸಿಕೊಂಡಿದ್ದ ಮಾತೆಲ್ಲ ಅದರಲ್ಲಿತ್ತು.

ಪುಣ್ಯಕ್ಕೆ ಡಾಕ್ಟರಮ್ಮ ಹೊರಟುಬಿಡಲಿಲ್ಲ. ಗೋಡೆಗಳನ್ನು ನೋಡುತ್ತಾ ಹೋಗಿ, ಬಿಳಿ ಹಲಗೆಯ ಮೇಲಿನ ಒಂದು ನೀಲಿ ಚೌಕದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಅದರ ಹಿಂಬದಿಗೆ ಇಣುಕಿದರು.

"ಇದ್ರಲ್ಲಿ ಮೋಟಾರ್ ಇಲ್ವಲ್ಲ?"

"ಇಲ್ಲ ಮೇಡಂ," ಎಂದಳು ಸುಧಾ.

"ಯಾರಾದ್ರೂ ಬಿಚ್ಚೋ ಅಂಥದ್ದು?"

"ಏನೂ ಇಲ್ಲ."

"ಹಾಗಾದ್ರೆ ಇದನ್ನೇ ಕೊಡಿ."

ಗ್ಯಾಲರಿ ಉಳಿಯಿತು! ಸುಧಾಳ ಕಣ್ಣು ತುಂಬಿತು. ನನ್ನ ಉತ್ಸಾಹವೂ ಮರಳಿತು. "ನಾನೇ ಕುಣಿಗಲ್ಲಿಗೆ ತಂದು, ಮೊಳೆ ಹೊಡೆದು, ತೂಗುಹಾಕಿ ಕೊಡ್ತೀನಿ ಮೇಡಂ. ಫ್ರೀ!"

ಡಾಕ್ಟರಮ್ಮ ಸುಧಾಳ ಕಡೆ ತಿರುಗಿದರು. "ಬೆಲೆ ನೀವು ಹೇಳಿದ್ದೇ ಇರ್ಲಿ. ಒಂದೇ ಕಂಡೀಷನ್. ಇವರು ಬರಬಾರದು."

ನಾನು ಕಾದೆ. 'ಅನುಭವಸ್ಥರು ಮೇಡಂ, ಬಾಗಿಲಲ್ಲೇ ನಿಂತಿರ್ತಾರೆ' ಅಂತಲಾದರೂ ಅವಳು ಸ್ವಲ್ಪ ಎಳೆದಾಡಬಹುದು ಎಂದು. ವ್ಯಾಪಾರದಲ್ಲಿ ಗಿರಾಕಿಯ ಮೊದಲ ಮಾತಿಗೇ ಒಪ್ಪಬಾರದು ಅಂತ ಅವಳಿಗೆ ಹೇಳಿಕೊಟ್ಟವನೇ ನಾನು.

"ಆಯ್ತು ಮೇಡಂ," ಎಂದಳು ಸುಧಾ.

ಮೊದಲ ಮಾತಿಗೇ!