ಬಾಯಿ ನೋಡುವ ಮಾಮ

ನಮ್ಮ ಸೋದರಮಾವ ಇದುವರೆಗೆ ಯಾರ ಮುಖವನ್ನೂ ಸರಿಯಾಗಿ ನೋಡಿಲ್ಲ ಎಂದರೆ ನೀವು ನಂಬಬೇಕು. ಅವನು ನೋಡುವುದು ಬಾಯಿ! ನಲವತ್ತು ವರ್ಷ ಜೇವರ್ಗಿ, ಅಫಜಲಪುರ, ಆಳಂದದ ದನದ ಸಂತೆಗಳಲ್ಲಿ ದಲಾಲಿ ಮಾಡಿದವನು. ಎತ್ತಿನ ತುಟಿ ಎತ್ತಿ, ಹಲ್ಲು ನೋಡಿ ವಯಸ್ಸು ಹೇಳಿದನೆಂದರೆ ಮಾಲಕನೂ ಎದುರಾಡುತ್ತಿರಲಿಲ್ಲ. ಮೊಣಕಾಲು ನೋವು ಹಿಡಿದು ಸಂತೆ ಬಿಟ್ಟ. ಚಟ ಬಿಡಬೇಕಲ್ಲ?

ಅಷ್ಟರಲ್ಲಿ ಅವನ ಊರು ನೆಲೋಗಿಯ ಶಾಲೆಯಲ್ಲಿ ದಂತ ತಪಾಸಣೆ ಶಿಬಿರವಾಯಿತು. ಮಾಮ ಬೆಳಗಿನಿಂದ ಸಂಜೆವರೆಗೆ ಡಾಕ್ಟರಮ್ಮನ ಪಕ್ಕ ಬಿಟ್ಟು ಏಳಲಿಲ್ಲ. ಒಸಡಿನ ರೋಗಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ, ಒಂದು ಕೆರಳಿದರೆ ಇನ್ನೊಂದೂ ಕೆರಳುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆಯಂತೆ. ಮರುದಿನವೇ ಮಾಮ ಒಂದು ಟಾರ್ಚು ಕೊಂಡು ತಾನೂ ಸಂಶೋಧಕನಾದ!

ಜೇವರ್ಗಿ ಬಸ್ಸಿನಲ್ಲಿ ಕಂಡಕ್ಟರ್ ಆಕಳಿಸಿದ್ದೇ ತಪ್ಪಾಯಿತು.

"ಸಾಹೇಬ್ರ, ನಿಮ್ಮ ವಸಡ ಬಾತಾವ. ಸಕ್ಕರಿ ತೋರಿಸ್ರಿ."

"ಮೊದಲ ನೀವು ಟಿಕೆಟ್ ತೋರಿಸ್ರಿ."

ನನಗೆ ಹೆಣ್ಣು ನೋಡಲು ಮಾದನಹಿಪ್ಪರಗಾಕ್ಕೆ ಹೋದಾಗಂತೂ ನಾನು ನೆಲದೊಳಗೆ ಇಳಿಯುವುದೊಂದು ಬಾಕಿ. ಚಹಾ ತಂದ ಹುಡುಗಿಗೆ ಮಾಮ ಕೇಳಿದ ಮೊದಲ ಪ್ರಶ್ನೆ, "ತಂಗಿ, ಹಲ್ಲು ತಿಕ್ಕುವಾಗ ರಕ್ತ ಬರ್ತದೇನವಾ?"

ಅವಳು ತಟ್ಟೆ ಕೆಳಗಿಟ್ಟು ಹೇಳಿದಳು, "ನನಗೇನಿಲ್ರಿ. ನಿಮ್ಮ ಅಳಿಯಗ ಕೇಳ್ರಿ, ಹಲ್ಲಿನ ಮ್ಯಾಲೆ ಗುಟ್ಕಾದ ಕಲೆ ಕಾಣಾಕತ್ತಾವ."

ಗುಟ್ಕಾ ಬಿಟ್ಟ ಮೇಲೆಯೇ ಮದುವೆಯಾಯಿತೆಂದು ಬೇರೆ ಹೇಳಬೇಕೆ?

ಇಂಥ ಮಾಮನಿಗೆ ಬಾಯಿ ತೋರಿಸದ ಒಬ್ಬಳೇ ಒಬ್ಬಳು ನಮ್ಮವ್ವ, ಅವನ ಅಕ್ಕ. ಅವ್ವನಿಗೆ ಮಿಶ್ರಿ ಬೇಕು, ಸುಟ್ಟ ತಂಬಾಕಿನ ಪುಡಿ. ಅದನ್ನು ಒಸಡಿಗೆ ತಿಕ್ಕಿಕೊಳ್ಳದೆ ಅವಳಿಗೆ ಬೆಳಗಾಗುವುದಿಲ್ಲ. ಈ ವರ್ಷ ಉಗುಳಿನಲ್ಲಿ ರಕ್ತ ಕಾಣಿಸತೊಡಗಿತು. ಮೈ ಇಳಿದಿತ್ತು, ಎಷ್ಟು ನೀರು ಕುಡಿದರೂ ದಾಹ ಹೋಗುತ್ತಿರಲಿಲ್ಲ. ನಾವು ಹೇಳಿ ಸೋತೆವು. ಮಾಮ ವಾರ ವಾರ ನಮ್ಮೂರು ಆಳಂದಕ್ಕೆ ಬಂದು, ದವಾಖಾನೆಗೆ ನಡೆ ಎಂದು ಕರೆದು, ಬೈಸಿಕೊಂಡು ಹೋಗುತ್ತಿದ್ದ.

"ನಾ ಏನ್ ನಿನ್ನ ಸಂತಿ ಎತ್ತೇನಲೇ, ಬಾಯಿ ತೆರೀಲಿಕ್ಕಿ?"

ಹೋದ ಸೋಮವಾರ ಅವ್ವ ಹಾಗೆಯೇ ಅಂದಳು. ಮಾಮ ಎಂದಿನಂತೆ ನಗಲಿಲ್ಲ. ಕಟ್ಟೆಯ ಮೇಲೆ ಕುಳಿತು ಟಾರ್ಚನ್ನು ಸುಮ್ಮನೆ ತಿರುಗಿಸುತ್ತಿದ್ದ.

"ಅಕ್ಕಾ, ನಮ್ಮನಿಯಾಕಿ ಎರಡು ವರ್ಷ ಹೇಳಿದ್ಲು, ವಸಡಿನಾಗ ರಕ್ತ ಬರಾಕತ್ತದ ಅಂತ. ಲವಂಗ ಇಟ್ಕೋ ಅಂದು ಸಂತಿಗಿ ಹೋದೆ. ಸಕ್ಕರಿ ಅದ ಅಂತ ತಿಳಿಯೋದ್ರಾಗ ಕಿಡ್ನಿ ಹೋಗಿದ್ವು. ಊರ ಎತ್ತಿನ ಬಾಯೆಲ್ಲ ನೋಡಿದೆ. ಅಕಿ ಬಾಯಿ ಒಂದ್ ಸಲನೂ ನೋಡಲಿಲ್ಲ."

ಮಾಮನ ಹೆಂಡತಿ, ನಮ್ಮತ್ತೆ, ತೀರಿ ನಾಲ್ಕು ವರ್ಷ. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಇಷ್ಟು ದಿನ ಅವನನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅವ್ವ ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಬಂದು ತಮ್ಮನ ಎದುರು ಕುಳಿತು ಬಾಯಿ ತೆರೆದಳು.