ಪುಟ್ಟತಾಯಮ್ಮನವರ ಹಂಡೆ ಮತ್ತು ನನ್ನ ದಾನಪತ್ರ

ಅನ್ಯಾಯವನ್ನು ಕಂಡಲ್ಲೆಲ್ಲ ಹೆಸರಿಟ್ಟು ಕರೆಯಬೇಕೆಂಬ ವ್ರತವನ್ನು ನಾನು ಕಾನೂನು ಓದುವಾಗಲೇ ಕೈಗೊಂಡೆ. ಇತರ ವಕೀಲರು ಗಡಿ, ಭಾಗ, ವಿಚ್ಛೇದನ ಎಂದು ನೆಮ್ಮದಿಯಾಗಿ ಬದುಕುತ್ತಿರುವಾಗ, ನಾನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯ ಸೇವಾ ಟ್ರಸ್ಟುಗಳಿಗೂ ದಾನಿಗಳಿಗೂ ಸಲಹೆ ಕೊಡುವುದನ್ನೇ ವೃತ್ತಿಯಾಗಿಸಿಕೊಂಡಿದ್ದೇನೆ. "ದಾನ ಕೊಡಾಕೂ ಲಾಯರ್ ಬೇಕೇನ್ರೀ?" ಎಂದು ಬಿಳಿಕೆರೆಯ ಟೀ ಅಂಗಡಿಯವರು ಕೇಳಿದ್ದುಂಟು. ಬೇಕು. ಕಿತ್ತುಕೊಳ್ಳುವವನ ಮನಸ್ಸು ಸರಳ. ಕೊಡುವವನದು ಬಲು ಸಿಕ್ಕು. ಶಾಲೆಗೆ ಬೆಂಚು ಕೊಟ್ಟ ಮಹನೀಯರೊಬ್ಬರು ಕೂರುವ ಹಲಗೆಯ ಮೇಲೆಯೇ ತಮ್ಮ ತಂದೆಯ ಹೆಸರು ಬರೆಸಿದ್ದರು. ಆಮೇಲೆ, ಮಕ್ಕಳು ತಂದೆಯ ಮೇಲೆ ಕುಳಿತುಕೊಳ್ಳುತ್ತಿವೆ ಎಂದು ನೋಟೀಸು ಕೊಡಿಸಲು ಬಂದರು. ನಾನು ಅವರಿಗೆ ಪಿತೃಪ್ರಧಾನ ವ್ಯವಸ್ಥೆಯ ಕುರಿತು ಒಂದು ಗಂಟೆ ತಿಳಿಯಹೇಳಿದೆ. ಅವರು ಬೇರೆ ವಕೀಲರನ್ನು ಹುಡುಕಿಕೊಂಡರು.

ಹೀಗಿರುವಾಗ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಒಂದು ದಿನ ಮುಂಚೆ, ಹೊಸ ಅಗ್ರಹಾರದ ಕಡೆಯ ಒಂದು ಊರಿನಿಂದ ಶಿವಣ್ಣ ಮೇಷ್ಟ್ರು ಫೋನು ಮಾಡಿದರು. ನಿವೃತ್ತರಾದ ಮೇಲೆ ಅವರು ಒಂದು ಟ್ರಸ್ಟು ಕಟ್ಟಿ, ಹಳೆಯ ಪಂಚಾಯಿತಿ ಕೊಠಡಿಯಲ್ಲಿ ಒಕ್ಕಲುತನದ ವಸ್ತುಸಂಗ್ರಹಾಲಯ ನಡೆಸುತ್ತಿದ್ದಾರೆ. ಮುರಿದ ನೇಗಿಲು, ಬಾಯಿ ಒಡೆದ ಕಾಳಿನ ವಾಡೆಗಳ ನಡುವೆ ಅಲ್ಲಿ ಪೂರ್ತಿಯಾಗಿರುವುದು ಒಂದೇ: ಇಬ್ಬರು ಎತ್ತಬೇಕಾದಷ್ಟು ದೊಡ್ಡ ತಾಮ್ರದ ಹಂಡೆ. ಊರಿನ ಚಿಕ್ಕೇಗೌಡರು ಕೊಟ್ಟದ್ದು. ದಾನಪತ್ರ ಬರೆದವನು ನಾನು. "ಇಂದಿನಿಂದ ಈ ವಸ್ತುವಿನ ಮೇಲೆ ದಾನಿಗಾಗಲಿ, ಅವರ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರತಕ್ಕದ್ದಲ್ಲ" ಎಂಬ ವಾಕ್ಯವನ್ನು ನಾನು ಆಗಾಗ ಸುಮ್ಮನೆ ಓದಿಕೊಂಡು ಸಂತೋಷಪಟ್ಟದ್ದೂ ಉಂಟು.

"ಸಾರ್, ಚಿಕ್ಕೇಗೌಡ್ರ ಮನೆಯೋರು ಪುಟ್ಟತಾಯಮ್ಮ ಬಂದು ಅಂಡೆ ಕೇಳ್ತಾವ್ರೆ. ನಿಮ್ಮ ಪತ್ರ ಓದಿ ಹೇಳ್ದೆ. ಪತ್ರಾನೂ ಅಂಡೆಯೊಳೀಕೇ ಆಕು, ಒಟ್ಟಿಗೆ ಒತ್ಕೊಂಡು ಓಯ್ತೀನಿ ಅಂತಾವ್ರೆ!"

ಸಾರ್ವಜನಿಕ ಸ್ವತ್ತನ್ನು ಖಾಸಗಿ ಆಸ್ತಿಯೆಂದು ಭಾವಿಸುವ ಊಳಿಗಮಾನ್ಯ ಮನೋಭಾವ! ಆ ಅನ್ಯಾಯಕ್ಕೆ ದಾರಿಯಲ್ಲೇ ಹೆಸರಿಟ್ಟುಕೊಂಡು, ಸ್ಕೂಟರನ್ನು ಓಡಿಸಿಕೊಂಡು ಹೋದೆ.

ಹೋಗಿ ನೋಡಿದರೆ ಸಂಗ್ರಹಾಲಯದ ಜಗುಲಿಯ ಮೇಲೆ ಪುಟ್ಟತಾಯಮ್ಮನವರು ಸೆರಗು ಸಿಕ್ಕಿಸಿ, ಹುಣಸೆಹಣ್ಣು ಕಿವುಚಿ, ಹಂಡೆಯನ್ನು ತಿಕ್ಕುತ್ತಿದ್ದರು. ಮೇಷ್ಟ್ರು ಪಕ್ಕದಲ್ಲಿ ಅಳುವಂತಾಗಿದ್ದರು. "ಬೇಡ ಕಣಮ್ಮ, ಆ ಕಿಲುಬು ಕಾಲದ ಗುರುತು."

"ಕಾಲದ್ದಲ್ಲ ಬುಡಿ ಮೇಷ್ಟ್ರೇ, ತೊಳೀದೇ ಇರೋರ ಗುರುತು. ನಾಳೆ ಸಂಜೆ ಇದ್ರಲ್ಲಿ ನೀರು ತುಂಬ್ಬೇಕು. ನಾನು ಈ ಮನೆ ಸೇರ್ದಾಗ್ನಿಂದ ಒಂದೊರ್ಸವೂ ತಪ್ಸಿಲ್ಲ. ಪ್ಲಾಸ್ಟಿಕ್ ಡ್ರಮ್ಮಿಗೆ ಅರ್ಸಿನ ಕುಂಕುಮ ಇಡ್ಲಾ?"

ಹಂಡೆ ಹೋದರೆ ಮೇಷ್ಟ್ರ ಸಂಗ್ರಹಾಲಯದಲ್ಲಿ ಉಳಿಯುವುದು ಸೌದೆ ಮಾತ್ರ; ಹೋಗದಿದ್ದರೆ ಈಕೆಯ ಹಬ್ಬವಿಲ್ಲ. ನಾನು ಗಂಟಲು ಸರಿಪಡಿಸಿಕೊಂಡೆ. "ನೋಡಿ ತಾಯಿ, ಒಮ್ಮೆ ದಾನವಾದದ್ದು ಸಮಾಜದ ಸ್ವತ್ತು. ದಾನಿಗಳೇ ಬಂದು ಕೇಳಿದರೂ ಕೊಡುವಂತಿಲ್ಲ."

"ದಾನಿ ಯಾರಪ್ಪ?"

"ನಿಮ್ಮ ಯಜಮಾನರು."

"ಬುಡು, ಅವ್ರು ದಾನಿ. ಅಂಡೆ ಯಾರ್ದು?"

ಅವರು ಒಂದು ತಂಬಿಗೆ ನೀರು ಸುರಿದರು. ಕಿಲುಬು ಬಿಟ್ಟ ಕಂಠದ ಮೇಲೆ ಅಕ್ಷರಗಳು ಮೂಡಿದವು. "ಓದಿ ಲಾಯರಪ್ಪ, ಕನ್ನಡ್ಕ ಮನೇಲಿ ಬುಟ್ಟು ಬಂದಿವ್ನಿ" ಎಂದರು. ನಾನು ಓದಿದೆ: ಮಗಳು ಪುಟ್ಟತಾಯಿಗೆ ತಂದೆಯಿಂದ.

ಸ್ತ್ರೀಧನ! ಮಹಿಳೆಯರ ಆಸ್ತಿಹಕ್ಕಿನ ಮೇಲೆ ನಾನು ಭಾಷಣ ಮಾಡದ ಸ್ವಸಹಾಯ ಸಂಘ ನಮ್ಮ ಮೂರು ತಾಲ್ಲೂಕುಗಳಲ್ಲಿ ಇಲ್ಲ. ಆ ನಾನೇ, ಹಂಡೆ ಯಾರದೆಂದು ಒಂದು ಮಾತು ಕೇಳದೆ, ಮೀಸೆ ಕಂಡಲ್ಲಿ ಸಹಿ ಹಾಕಿಸಿಕೊಂಡಿದ್ದೆ. ಕಂಬದ ಮರೆಯಲ್ಲಿ ನಿಂತಿದ್ದ ಚಿಕ್ಕೇಗೌಡರ ಕಡೆ ತಿರುಗಿ, "ಇದನ್ನು ನೀವು ಮೊದಲೇ ಹೇಳಬಾರದಿತ್ತೇ?" ಎಂದೆ.

"ನೀವು ಕೇಳಿದ್ರಾ ಬುದ್ದಿ? ಯಜಮಾನ್ರು ಸೈನ್ ಆಕಿ ಅಂದ್ರಿ, ಆಕ್ದೆ."

"ನಾನು ತವ್ರಿಗೋಗಿ ಬರೋದ್ರೊಳಗೆ ಬಚ್ಚಲು ಖಾಲಿ!" ಎಂದು ಪುಟ್ಟತಾಯಮ್ಮ ಗಂಡನನ್ನು ಒಮ್ಮೆ ನೋಡಿದರು. ಗೌಡರು ಮತ್ತೆ ಕಂಬವಾದರು. ಆಮೇಲೆ ಆಕೆಯೇ ತೀರ್ಪು ಕೊಟ್ಟರು: "ಅಳ್ಬ್ಯಾಡಿ ಮೇಷ್ಟ್ರೇ. ಅಬ್ಬ ಮುಗ್ದ ಮೇಲೆ ನಾನೇ ತಂದ್ಕೊಡ್ತೀನಿ. ನನ್ನೆಸ್ರಲ್ಲಿ ಬರ್ಕೊಳ್ಳಿ. ವರ್ಸಕ್ಕೊಂದ್ಸಲ ಒಯ್ತೀನಿ, ತೊಳ್ದು ವಾಪ್ಸು ಇಡ್ತೀನಿ. ನಿಮ್ಗೂ ಲಾಬ." ನಾನು ನನ್ನ ಪತ್ರವನ್ನು ಅಲ್ಲೇ ಹರಿದೆ. ಹಂಡೆ ಆಟೋ ಹತ್ತಿತು; ಅದಕ್ಕೆ ಜಾಗವಾಗಲೆಂದು ಗೌಡರು ನಡೆದು ಹೊರಟರು.

ತಪ್ಪು ಮಾಡಿದವನು ತಿದ್ದಿಕೊಳ್ಳಬೇಕಲ್ಲವೇ? ಅಂದೇ ಮನೆಗೆ ಬಂದು, ನನ್ನ ದಾನಪತ್ರದ ನಮೂನೆಗೆ ಹೊಸ ಕಲಮು ಸೇರಿಸಿದೆ: "ಸದರಿ ವಸ್ತುವು ಯಾರ ತವರಿನಿಂದ ಬಂದದ್ದು?" ನನ್ನ ಪ್ರಗತಿಪರತೆಗೆ ನಾನೇ ತಲೆದೂಗಿ, ಅದನ್ನು ಪತ್ನಿಗೆ ಓದಿ ಹೇಳಿದೆ. ಅವಳು ಮೆಚ್ಚಿ, ಪೆನ್ನು ಇಸಿದುಕೊಂಡು ಮನೆಯನ್ನೊಮ್ಮೆ ಸುತ್ತಿಬಂದಳು. ಮಂಚ, ಬೀರು, ಗ್ರೈಂಡರು, ಕಾನೂನು ಪುಸ್ತಕಗಳ ಕಪಾಟು, ನಾನು ಕುಳಿತಿದ್ದ ಕುರ್ಚಿ, ಎಲ್ಲವೂ ಅವಳ ತವರಿನ ಪಟ್ಟಿಗೆ ಸೇರಿದವು.

"ಹಾಗಾದರೆ ನನ್ನದು ಏನೂ ಇಲ್ಲವೇ?" ಎಂದು ನಾನು ಗೂಟದಲ್ಲಿದ್ದ ಕರಿಕೋಟಿನ ಮೇಲೆ ಕೈಯಿಟ್ಟೆ.

"ಅದು ನಮ್ಮಪ್ಪ ಮದುವೆಗೆ ಹೊಲಿಸಿಕೊಟ್ಟದ್ದು ಕಣ್ರೀ. ಆದ್ರೂ ಹಾಕ್ಕೊಳ್ಳಿ ಪರವಾಗಿಲ್ಲ. ವರ್ಷಕ್ಕೊಂದ್ಸಲ ಒಗೆಯೋಕೆ ಕೊಡಿ, ಸಾಕು."

ವರದಕ್ಷಿಣೆ ವಿರೋಧಿ ಸಮಾವೇಶವೊಂದಕ್ಕೆ ನಾಳೆ ಪಿರಿಯಾಪಟ್ಟಣಕ್ಕೆ ಹೋಗಬೇಕಾಗಿದೆ. ಅಂಗಿಯಲ್ಲೇ ಹೋಗೋಣವೆಂದಿದ್ದೇನೆ, ಅಂಗಿಯ ವಿಚಾರವನ್ನು ಇನ್ನೂ ಕೇಳಿಲ್ಲ.