ಡ್ವೇನ್ ಬಿಟ್ಟುಹೋದ ಐದು ಖಾಲಿ ಜೇಬು

ನನ್ನ ಗಂಡ ಡ್ವೇನ್ ಫೆಬ್ರವರಿಯಲ್ಲಿ ಬಾಗಿಲ ಮುಂದಿನ ಹಿಮ ಬಾಚುತ್ತಾ ಸತ್ತ. ಹೋಗುವಾಗ ಹಾಸಿಗೆಯ ಒಂದು ಪಕ್ಕ ಖಾಲಿ ಬಿಟ್ಟ, ಆಲ್ಬಮ್ಮಿನಲ್ಲಿ ಐದು ಜೇಬು ಖಾಲಿ ಬಿಟ್ಟ. ಹಾಸಿಗೆಗೆ ನಾನೇನೂ ಮಾಡುವಂತಿರಲಿಲ್ಲ. ಆಲ್ಬಮ್ಮನ್ನಾದರೂ ತುಂಬಿಸಬಹುದು ಅನ್ನಿಸಿತು. ನಾನು ಕೆಟ್ಟಿದ್ದು ಅಲ್ಲೇ.

ಆಲ್ಬಮ್ ಅಂದರೆ ಮದುವೆಯದಲ್ಲ. (ಮದುವೆ ಆಲ್ಬಮ್ ಎಲ್ಲಿದೆ ಎಂದು ಕೇಳಿದ್ದರೆ ಡ್ವೇನ್ ಫ್ರಿಜ್ ತೆಗೆದು ನೋಡುತ್ತಿದ್ದ.) ಬೇಸ್‌ಬಾಲ್ ಕಾರ್ಡಿನದು. ಅರವತ್ತೇಳನೇ ಇಸವಿಯಲ್ಲಿ ಬಬಲ್‌ಗಮ್ ಪೊಟ್ಟಣದೊಳಗೆ ಆಟಗಾರರ ಚಿತ್ರವಿರುವ ರಟ್ಟಿನ ತುಂಡುಗಳು ಬರುತ್ತಿದ್ದವಲ್ಲ, ಅವು. ಆರುನೂರಕ್ಕೂ ಮೇಲಿವೆ. ಒಂದೊಂದಕ್ಕೂ ನಂಬರು. ಎಲ್ಲ ನಂಬರೂ ಸೇರಿದರೆ ಸೆಟ್. ಡ್ವೇನ್ ಅದನ್ನು ಒಂದೊಂದಾಗಿ ಸೇರಿಸುತ್ತಿದ್ದ. ಪ್ರತಿ ಭಾನುವಾರ ನಮ್ಮೂರು ಟೊಲೀಡೊದ ಫೈರ್ ಸ್ಟೇಷನ್ ಹಾಲ್‌ನಲ್ಲಿ ಕಾರ್ಡಿನ ಸಂತೆ. ಚರ್ಚಿನಲ್ಲಿ ಕೊನೆಯ ಹಾಡಿಗೂ ನಿಲ್ಲದೆ ಅಲ್ಲಿಗೆ ಓಡುತ್ತಿದ್ದ. ಸಂಜೆ ಒಂದು ಕಾರ್ಡು ಹಿಡಿದು ಬರುತ್ತಿದ್ದ, ಹುಲಿ ಹೊಡೆದವನ ಹಾಗೆ. ಬಹಳ ಸಲ ಬರಿಗೈಯಲ್ಲಿ.

ಅವನ ತಮ್ಮ ಕರ್ಟ್ ಅದೇ ವರ್ಷದ ಸೆಟ್ಟನ್ನು ಒಂದು ಫೋನ್ ಮಾಡಿ ಇಡಿಯಾಗಿ ತರಿಸಿಕೊಂಡ. ಅಲ್ಲಿಂದ ವಂಶದಲ್ಲಿ ಮಹಾಯುದ್ಧ. ಒಂದು ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಡ್ವೇನ್ ಟರ್ಕಿ ಕೋಳಿ ಕೊಯ್ಯುವ ಚಾಕು ಹಿಡಿದೇ ಶುರು ಮಾಡಿದ.

“ನೀನು ಸೇರಿಸಿದ್ದಲ್ಲ ಕಣೋ, ಕೊಂಡಿದ್ದು.”

“ನೀನೇನು ಕದ್ದು ತಂದ್ಯಾ? ನಾನು ಒಂದ್ಸಲ ಕೊಂಡೆ, ನೀನು ಆರುನೂರು ಸಲ ಕೊಂಡೆ,” ಅಂದ ಕರ್ಟ್.

“ನನ್ನ ಒಂದೊಂದು ಕಾರ್ಡಿಗೂ ಒಂದೊಂದು ಕತೆ ಇದೆ.”

“ಗೊತ್ತು. ಎಲ್ಲಾ ಕೇಳಿದೀನಿ.”

“ಇಡೀ ಸೆಟ್ ತರೋದು ಅಂದ್ರೆ, ಮದುವೆ ದಿನಾನೇ ಮೂರು ಮಕ್ಕಳನ್ನ ರೆಡಿಮೇಡ್ ತಂದ ಹಾಗೆ.”

ಕರ್ಟ್ ಮದುವೆಯಾಗಿದ್ದು ಮೂರು ಮಕ್ಕಳ ತಾಯಿಯನ್ನು. ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಆ ವರ್ಷ ನನ್ನ ಕುಂಬಳಕಾಯಿ ಪೈ ಯಾರೂ ಮುಟ್ಟಲಿಲ್ಲ.

ಏಪ್ರಿಲ್‌ನಲ್ಲಿ ಬೇಸ್‌ಬಾಲ್ ಪಂದ್ಯಗಳು ಶುರುವಾಗುವ ಹೊತ್ತಿಗೆ ಡ್ವೇನ್‌ನ ಸೆಟ್ ತುಂಬಿರಬೇಕು ಎಂದು ನಿಶ್ಚಯ ಮಾಡಿದೆ. ಪಾಪ, ಅವನು ಅರ್ಧಕ್ಕೆ ಬಿಟ್ಟುಹೋದದ್ದು ಅದೊಂದೇ. (ಗರಾಜಿನ ಬಾಗಿಲು, ಹಿತ್ತಿಲ ಮೆಟ್ಟಿಲು, ಬಚ್ಚಲಿನ ನಲ್ಲಿ ಬಿಟ್ಟರೆ.) ಆ ಐದು ಸಿಗುವುದೇ ಕಷ್ಟದ ಕಾರ್ಡುಗಳು. ಅರವತ್ತೇಳರಲ್ಲಿ ಅವು ಬೇಸಿಗೆ ಮುಗಿದ ಮೇಲೆ ಅಂಗಡಿಗೆ ಬಂದವು. ಅಷ್ಟರಲ್ಲಿ ಹುಡುಗರ ತಲೆಯಲ್ಲಿ ಫುಟ್‌ಬಾಲ್ ಹೊಕ್ಕಿತ್ತು, ಕೊಂಡವರೇ ಕಡಿಮೆ. ಹಾಲ್‌ಗೆ ಹೋಗಿ ಟೇಬಲ್ ಟೇಬಲ್ ಸುತ್ತಲು ನನಗೆ ಮನಸ್ಸಿರಲಿಲ್ಲ. ಆ ಹಾಲ್ ನನ್ನ ಸವತಿ.

ಕರ್ಟ್‌ಗೆ ಫೋನ್ ಮಾಡಿದೆ. “ನಂಗೂ ಒಂದು ಇಡೀ ಸೆಟ್ ತರಿಸಿಕೊಡು. ಐದು ತೆಗೆದುಕೊಂಡು ಉಳಿದದ್ದು ಮಾರಿಬಿಡ್ತೀನಿ.”

“ಡಾರ್ಲೀನ್, ಈ ಮನೇಲಿ ಬುದ್ಧಿ ಇರೋಳು ನೀನೊಬ್ಬಳೇ,” ಅಂದ.

ಡ್ವೇನ್ ಮೀನು ಹಿಡಿಯಲು ಹೋಗುತ್ತಿದ್ದ ದೋಣಿ ಮಾರಿದೆ. ಸೆಟ್ ಬಂತು. ಐದು ತೆಗೆದು ಖಾಲಿ ಜೇಬಿಗೆ ಹಾಕಿದೆ. ಡ್ವೇನ್‌ನ ಕಾರ್ಡುಗಳ ಮೂಲೆಗಳೆಲ್ಲ ಸವೆದಿದ್ದವು. ಒಂದಂತೂ ಯಾವನೋ ಹುಡುಗನ ಸೈಕಲ್ ಚಕ್ರಕ್ಕೆ ಸಿಕ್ಕಿಸಿಕೊಂಡು ಪಟಪಟ ಅಂದು ಬಂದದ್ದು. ಅವುಗಳ ನಡುವೆ ಈ ಐದು ಮಿರಮಿರ ಮಿಂಚಿದವು, ಮುದುಕನ ಬಾಯಲ್ಲಿ ಕಟ್ಟಿಸಿದ ಹಲ್ಲಿನ ಹಾಗೆ. ಇರಲಿ, ತುಂಬಿತಲ್ಲ. ಅವನ ಕುರ್ಚಿಯ ಕಡೆ ತಿರುಗಿಸಿ “ಆಯ್ತು ನೋಡು” ಅಂದೆ. ಸ್ವಲ್ಪ ಅತ್ತೆ. ಆಮೇಲೆ ಸೂಪ್ ಬಿಸಿ ಮಾಡಿಕೊಂಡೆ.

ಉಳಿದದ್ದನ್ನು ಡಬ್ಬದಲ್ಲಿ ಹಾಕಿ, ಬೇರೆ ದಾರಿಯಿಲ್ಲದೆ, ಭಾನುವಾರ ಹಾಲ್‌ಗೆ ಹೋದೆ. ಡ್ವೇನ್ ಯಾವಾಗಲೂ ಹೋಗುತ್ತಿದ್ದದ್ದು ವಾಲ್ಟ್ ಎಂಬ ವ್ಯಾಪಾರಿಯ ಟೇಬಲ್ಲಿಗೆ. ವಾಲ್ಟ್ ಬೆರಳಾಡಿಸಿ ನೋಡಿದ.

“ಐದು ಎಲ್ಲಿ?”

“ಡ್ವೇನ್ ಸೆಟ್ಟಿಗೆ ಹಾಕಿದೆ.”

“ಹಾಗಾದ್ರೆ ಇದು ಸೆಟ್ ಅಲ್ಲ ಡಾರ್ಲೀನ್. ಕಷ್ಟದವೇ ಇಲ್ಲ ಅಂದ್ಮೇಲೆ ಉಳಿದವು ಎಲ್ಲರ ಮನೇಲೂ ಬಿದ್ದಿವೆ. ಯಾರು ತಗೋತಾರೆ?”

ಒಂದು ತೂತು ಮುಚ್ಚಲು ಹೋಗಿ ಇನ್ನೊಂದು ತೋಡಿಕೊಂಡಿದ್ದೆ. ದೋಣಿಯೂ ಹೋಗಿತ್ತು.

“ಆ ಐದು ನಿನ್ನ ಹತ್ರ ಇದ್ಯಾ?” ಎಂದೆ.

ವಾಲ್ಟ್ ಟೇಬಲ್ಲಿನ ಅಡಿಯಿಂದ ಪೆಟ್ಟಿಗೆ ಎಳೆದ. ಐದೂ ಇದ್ದವು. ಮೂಲೆ ಸವೆದು, ಡ್ವೇನ್‌ನವುಗಳ ಅಣ್ಣತಮ್ಮಂದಿರ ಹಾಗೆ.

“ಇವು ಯಾವಾಗ ಬಂದ್ವು?”

“ಎಷ್ಟೋ ವರ್ಷದಿಂದ ಇಲ್ಲೇ ಇವೆ.”

“ಅವನಿಗೆ ತೋರಿಸಲಿಲ್ವಾ?”

“ವಾರ ವಾರ ನೋಡ್ತಿದ್ದ. ಒಂದ್ಸಲ ಅಂಚು ಸರಿಯಿಲ್ಲ ಅಂದ, ಒಂದ್ಸಲ ಆಟಗಾರನ ಮೂಗು ಸರಿಯಿಲ್ಲ ಅಂದ. ಸಾಕಾಗಿ, ಪುಕ್ಕಟೆ ತಗೊಂಡ್ಹೋಗಯ್ಯ ಅಂದೆ. ಬೇಡ ಅಂದ.”

“ಯಾಕೆ?”

ವಾಲ್ಟ್ ತನ್ನ ಶೂ ನೋಡಿಕೊಂಡ. “ಸೆಟ್ ಮುಗಿದುಹೋದ್ರೆ ಭಾನುವಾರ ಮನೇಲಿ ಕೂತು ಏನ್ ಮಾಡ್ಲಿ ಅಂತಿದ್ದ.”

ಮನೆಯಲ್ಲಿ ನಾನಿದ್ದೆ.

ಮನೆಗೆ ಬಂದು ಕೋಟೂ ಬಿಚ್ಚದೆ ಆಲ್ಬಮ್ ತೆರೆದೆ. ಮಹಾನುಭಾವನಿಗೆ ಖಾಲಿಯೇ ಬೇಕಿತ್ತಲ್ಲ, ತಗೋ. ನಾಲ್ಕು ಕಾರ್ಡು ಕಿತ್ತು ಡಬ್ಬಕ್ಕೆ ಹಾಕಿದೆ. ಐದನೆಯದನ್ನು ಅಲ್ಲೇ ಬಿಟ್ಟೆ. ಇಡಿಯಾಗಿ ಕೊಂಡ ಸೆಟ್ಟಿನ ಕಾರ್ಡು ನೋಡಿ ಅವನಿಗೆ ಸಿಟ್ಟು ಬರಲಿ ಎಂದು.

ಸಂಜೆ ಕರ್ಟ್ ಫೋನ್ ಮಾಡಿದ. ನಡೆದದ್ದೆಲ್ಲ ಹೇಳಿದೆ. “ಆ ಒಂದನ್ನೂ ತೆಗೆದು ಡಬ್ಬಕ್ಕೆ ಹಾಕು ಮಾರಾಯ್ತಿ. ಸೆಟ್ ಪೂರ್ತಿ ಆಗುತ್ತೆ, ಮಾರಬಹುದು.”

“ತೆಗೆಯಲ್ಲ.”

“ಹಾಗಾದ್ರೆ ವಾಲ್ಟ್ ಹತ್ರ ಇರೋದನ್ನ ತಂದು ಡಬ್ಬಕ್ಕೆ ಹಾಕು. ಬರೋ ಭಾನುವಾರವೇ ಮುಗಿಸು.”

ಮುಗಿಸೋಣ ಎಂದೇ ಹೋದೆ. ವಾಲ್ಟ್ ಕಾರ್ಡು ಮುಂದಿಟ್ಟ. ಹಾಲ್ ಬೆಚ್ಚಗಿತ್ತು. ಯಾರೋ ಕಾಫಿಯ ಜೊತೆ ಡೋನಟ್ ತಂದುಕೊಟ್ಟರು. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಮುದುಕರು ಒಂದು ಕಾರ್ಡಿನ ಮೂಲೆಗೆ ಜಗಳವಾಡುತ್ತಿದ್ದರು. ಒಬ್ಬನ ಮಾತಿನ ಧಾಟಿ ಥೇಟ್ ಡ್ವೇನ್‌ನದೇ. ಕನ್ನಡಕ ಏರಿಸಿಕೊಂಡು ವಾಲ್ಟ್ ಇಟ್ಟ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮತ್ತೆ ನೋಡಿದೆ.

“ಇವನ ಟೋಪಿ ಸೊಟ್ಟಗಿದೆ,” ಅಂದೆ.

ವಾಲ್ಟ್ ಅದನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, ನನಗೊಂದು ಕುರ್ಚಿ ಎಳೆದು ಹಾಕಿದ.